ಏಳನೇ ಉಪಕಲಂ: ಅಮೆರಿಕದ ಶಾಲೆಗಳ ಬಿಲ್ಲುವಿದ್ಯೆಗೆ ಹಣ ನಿಂತು ಮತ್ತೆ ಹರಿದ ಪ್ರಕರಣ

ಎರಡು ಸೀಟಿ ಊದಿದರೆ ಮಕ್ಕಳು ಬಿಲ್ಲು ಹಿಡಿದು ಗೆರೆಗೆ ಬಂದು ನಿಲ್ಲಬೇಕು. ಒಂದು ಸೀಟಿಗೆ ಬಾಣ ಬಿಡಬಹುದು. ಎಲ್ಲರೂ ಬಿಲ್ಲು ಕೆಳಗಿಟ್ಟ ಮೇಲೆ ಮೂರು ಸೀಟಿ. ಆಗ ಗುರಿಹಲಗೆಯ ತನಕ ನಡೆದು ಹೋಗಿ ಬಾಣ ಕಿತ್ತು ತರಬೇಕು. ಓಡುವ ಹಾಗಿಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ಸೀಟಿ ಕೇಳಿಸಿತೋ, ಏನೋ ಎಡವಟ್ಟಾಗಿದೆ ಎಂದರ್ಥ. ಎಳೆದ ಹೆದೆಯನ್ನೂ ಮೆಲ್ಲಗೆ ಸಡಿಲಿಸಿ ನಿಂತುಬಿಡಬೇಕು.

ಅಮೆರಿಕದ ಸಾವಿರಾರು ಶಾಲೆಗಳ ಒಳಾಂಗಣ ಮೈದಾನಗಳಲ್ಲಿ ಈ ಸೀಟಿ ಕೇಳಿಸುತ್ತದೆ. ‘ನ್ಯಾಷನಲ್ ಆರ್ಚರಿ ಇನ್ ದ ಸ್ಕೂಲ್ಸ್ ಪ್ರೋಗ್ರಾಂ’, ಬಾಯಿಮಾತಿನಲ್ಲಿ ‘ನ್ಯಾಸ್ಪ್’, 2002ರಲ್ಲಿ ಕೆಂಟಕಿ ರಾಜ್ಯದ 21 ಶಾಲೆಗಳಲ್ಲಿ ಶುರುವಾಯಿತು. ಹುಟ್ಟು ಹಾಕಿದವರು ಮೂವರು: ರಾಜ್ಯದ ಶಿಕ್ಷಣ ಇಲಾಖೆ, ಮೀನು ಮತ್ತು ವನ್ಯಜೀವಿ ಇಲಾಖೆ, ಮ್ಯಾಥ್ಯೂಸ್ ಎಂಬ ಬಿಲ್ಲು ತಯಾರಿಕಾ ಕಂಪನಿ. ನಾಲ್ಕನೇ ತರಗತಿಯಿಂದ ಹನ್ನೆರಡನೇ ತರಗತಿವರೆಗಿನ ಎಲ್ಲ ಮಕ್ಕಳಿಗೂ ಒಂದೇ ಮಾದರಿಯ ಬಿಲ್ಲು. ಹತ್ತು ಮೀಟರ್ ಮತ್ತು ಹದಿನೈದು ಮೀಟರ್ ದೂರದಿಂದ ಗುರಿ. ತರಬೇತಿ ಪಡೆದು ಪ್ರಮಾಣಪತ್ರ ಇಟ್ಟುಕೊಂಡ ಶಿಕ್ಷಕರಷ್ಟೇ ಕಲಿಸಬಹುದು. ಫುಟ್‌ಬಾಲ್ ತಂಡಕ್ಕೆ ಸೇರಲು ಮೈಕಟ್ಟಿಲ್ಲದ, ಓಟದಲ್ಲಿ ಹಿಂದೆ ಬೀಳುವ ಮಕ್ಕಳಿಗೂ ಇಲ್ಲಿ ಜಾಗವಿದೆ. ಅದು ಇಷ್ಟು ಹಬ್ಬಲು ಇದೇ ಕಾರಣವಿರಬೇಕು.

2023ರ ಬೇಸಿಗೆಯಲ್ಲಿ ಈ ಮಕ್ಕಳ ಬಿಲ್ಲು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿನ ಕಣ್ಣಿಗೆ ‘ಅಪಾಯಕಾರಿ ಆಯುಧ’ವಾಗಿ ಕಂಡಿತು. ಆಗಿನ ಗದ್ದಲ ಎಲ್ಲರಿಗೂ ಕೇಳಿಸಿದ್ದು ‘ಬೈಡನ್ ಸರ್ಕಾರ ಶಾಲೆಗಳಲ್ಲಿ ಬಿಲ್ಲುವಿದ್ಯೆ ನಿಷೇಧಿಸಿದೆ’ ಎಂಬ ಒಂದೇ ಸಾಲಿನಲ್ಲಿ. ಅದು ನಿಷೇಧವಾಗಿರಲಿಲ್ಲ. ಹಾಗೆಂದು ಏನೂ ಆಗಿರಲಿಲ್ಲ ಎನ್ನುವಂತೆಯೂ ಇಲ್ಲ. ಅಲ್ಲಿ ಆದದ್ದೇನು, ಆ ಗದ್ದಲದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಯಾವುದು ಎಂಬುದು ಈ ಬರಹದ ವಿಷಯ.

ಒಂದು ವಾಕ್ಯ ಹುಟ್ಟಿದ ಬಗೆ

2022ರ ಮೇ 14ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಸೂಪರ್‌ಮಾರ್ಕೆಟ್ ಒಂದರಲ್ಲಿ ಹತ್ತು ಮಂದಿ ಗುಂಡಿಗೆ ಬಲಿಯಾದರು. ಹತ್ತು ದಿನ ಕಳೆದು, ಮೇ 24ರಂದು ಟೆಕ್ಸಸ್‌ನ ಉವಾಲ್ಡಿ ಎಂಬ ಪುಟ್ಟ ಊರಿನ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಬಂದೂಕಿನ ವಿಷಯದಲ್ಲಿ ಸುಮಾರು ಮೂವತ್ತು ವರ್ಷ ದೊಡ್ಡ ಕಾನೂನನ್ನೇ ಮಾಡದೆ ಕುಳಿತಿದ್ದ ಅಮೆರಿಕದ ಸಂಸತ್ತು ಆಗ ಕದಲಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಕ್ರಿಸ್ ಮರ್ಫಿ, ಕಿರ್ಸ್ಟನ್ ಸಿನೆಮಾ, ಜಾನ್ ಕಾರ್ನಿನ್, ಥಾಮ್ ಟಿಲ್ಲಿಸ್, ಹೀಗೆ ಎರಡೂ ಪಕ್ಷಗಳಿಂದ ನಾಲ್ವರು ಕುಳಿತು ಕರಡು ರೂಪಿಸಿದರು. ಜೂನ್ 25ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದರು. ‘ಬೈಪಾರ್ಟಿಸನ್ ಸೇಫರ್ ಕಮ್ಯುನಿಟೀಸ್ ಆ್ಯಕ್ಟ್’ ಎಂದು ಅದರ ಹೆಸರು. ಉವಾಲ್ಡಿಯಿಂದ ಸಹಿಯವರೆಗೆ ಒಂದು ತಿಂಗಳು ಒಂದು ದಿನ. ಅವಸರದಲ್ಲಿ ಆದ ಕೆಲಸ. ಅವಸರಕ್ಕೆ ಕಾರಣವೂ ಇತ್ತು.

ಅದರಲ್ಲಿ 21 ವರ್ಷದೊಳಗಿನವರು ಬಂದೂಕು ಕೊಳ್ಳುವಾಗ ಹೆಚ್ಚಿನ ತಪಾಸಣೆ, ಮಾನಸಿಕ ಆರೋಗ್ಯಕ್ಕೆ ಹಣ, ಶಾಲೆಗಳನ್ನು ಸುರಕ್ಷಿತಗೊಳಿಸಲು 100 ಕೋಟಿ ಡಾಲರ್ ಅನುದಾನ ಎಲ್ಲವೂ ಇದ್ದವು. ಒಳಗೆಲ್ಲೋ 13401ನೇ ಕಲಂ ಇತ್ತು. ಅಮೆರಿಕದ ಶಾಲೆಗಳಿಗೆ ಫೆಡರಲ್ ಹಣ ಹರಿಯುವ ಮುಖ್ಯ ಕಾಲುವೆ 1965ರ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆ. ಆ ಕಾಯ್ದೆಯ ಹಣವನ್ನು ಯಾವುದಕ್ಕೆ ಬಳಸಬಾರದು ಎಂದು ಅದರೊಳಗೇ ಒಂದು ಪಟ್ಟಿಯಿದೆ: ಅನುಮತಿ ಇಲ್ಲದೆ ಕಟ್ಟಡ ಕಟ್ಟಬಾರದು, ಸಾರಿಗೆಗೆ ಬಳಸಬಾರದು, ಶಾಲೆಯ ಆವರಣದಲ್ಲಿ ಅಶ್ಲೀಲ ಸಾಹಿತ್ಯ ಹಂಚಬಾರದು, ಗರ್ಭನಿರೋಧಕ ಹಂಚುವ ಕಾರ್ಯಕ್ರಮ ನಡೆಸಬಾರದು... ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೆ ಆ ದೇಶ ಯಾವ್ಯಾವ ಕಾಲದಲ್ಲಿ ಯಾವ್ಯಾವುದಕ್ಕೆ ಬೆಚ್ಚಿತ್ತು ಎಂಬ ಚರಿತ್ರೆಯೇ ಸಿಗುತ್ತದೆ. ಆರು ಬಾಬತ್ತುಗಳಿದ್ದ ಪಟ್ಟಿಗೆ 13401ನೇ ಕಲಂ ಏಳನೆಯದನ್ನು ಸೇರಿಸಿತು. ಯಾವುದೇ ವ್ಯಕ್ತಿಗೆ ಅಪಾಯಕಾರಿ ಆಯುಧ ಒದಗಿಸಲು, ಅಥವಾ ಅದರ ಬಳಕೆಯಲ್ಲಿ ತರಬೇತಿ ಕೊಡಲು ಈ ಹಣ ಬಳಸುವಂತಿಲ್ಲ. ಇಷ್ಟೇ, ಒಂದೇ ವಾಕ್ಯ.

‘ಅಪಾಯಕಾರಿ ಆಯುಧ’ ಎಂದರೇನು? ಅದಕ್ಕೆ ಹೊಸ ವ್ಯಾಖ್ಯೆ ಬರೆಯುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ. ಅಪರಾಧ ಸಂಹಿತೆಯ 930ನೇ ಕಲಮಿನಲ್ಲಿ ಇದ್ದ ವ್ಯಾಖ್ಯೆಯನ್ನೇ ಎತ್ತಿ ತಂದು ಇಲ್ಲಿ ನೆಟ್ಟರು. ಆ ಕಲಂ ಇರುವುದು ನ್ಯಾಯಾಲಯ, ಸರ್ಕಾರಿ ಕಚೇರಿಗಳಂಥ ಫೆಡರಲ್ ಕಟ್ಟಡಗಳ ಒಳಗೆ ಆಯುಧ ತರುವವರನ್ನು ತಡೆಯಲು. ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಬೇಕಾದದ್ದು ಅಗಲವಾದ ಜರಡಿ. ಸಾವನ್ನಾಗಲಿ ತೀವ್ರ ಗಾಯವನ್ನಾಗಲಿ ಉಂಟುಮಾಡಬಲ್ಲ ಯಾವುದೇ ವಸ್ತು, ಸಾಧನ, ಜೀವವಿರಲಿ ಇಲ್ಲದಿರಲಿ, ಎಲ್ಲವೂ ಆಯುಧವೇ. ಎರಡೂವರೆ ಇಂಚಿಗಿಂತ ಕಡಿಮೆ ಅಲಗಿನ ಜೇಬುಚಾಕುವಿಗೆ ಮಾತ್ರ ಮಾಫಿ. ನಮ್ಮ ಅಡುಗೆಮನೆಯ ಈಳಿಗೆಮಣೆಯನ್ನು ಈ ವ್ಯಾಖ್ಯೆಯ ಮುಂದೆ ಇಟ್ಟು ನೋಡಿ. ಬದನೆಕಾಯಿ ಹೆಚ್ಚುವ ಅಜ್ಜಿ ಕೂಡ ಮಾರಕಾಸ್ತ್ರ ಇಟ್ಟುಕೊಂಡವಳೇ ಆಗುತ್ತಾಳೆ.

ಅಂಥ ವಾಕ್ಯ ಬೇಕಾಗಿದ್ದೇಕೆ ಎಂದು ಕೇಳಿದರೆ ಉತ್ತರಕ್ಕೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. 2018ರ ಆಗಸ್ಟ್‌ನಲ್ಲಿ, ಟ್ರಂಪ್ ಸರ್ಕಾರದ ಶಿಕ್ಷಣ ಕಾರ್ಯದರ್ಶಿ ಬೆಟ್ಸಿ ಡಿವೋಸ್ ಅವರ ಇಲಾಖೆ, ಶಿಕ್ಷಕರ ಕೈಗೆ ಬಂದೂಕು ಕೊಡಲು ಇದೇ ಶಿಕ್ಷಣ ಕಾಯ್ದೆಯ ಅನುದಾನ ಬಳಸಬಹುದೇ ಎಂದು ಪರಿಶೀಲಿಸುತ್ತಿದೆ ಎಂಬುದು ಹೊರಬಿತ್ತು. ಟೆಕ್ಸಸ್ ಮತ್ತು ಓಕ್ಲಹೋಮದಿಂದ ಆ ಪ್ರಶ್ನೆ ಬಂದಿತ್ತು. ‘ಬೇಡ’ ಎಂದು ಕಾನೂನಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಡಿವೋಸ್ ಆಮೇಲೆ ತಾವು ಹೌದೆಂದೂ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ ಎಂಬ ನಿಲುವಿಗೆ ಬಂದು ಕೈತೊಳೆದುಕೊಂಡರು. ಆ ದಾರಿ ಮುಚ್ಚಬೇಕೆಂದು ಆಗಲೇ ಹೊರಟವರಲ್ಲಿ ಕ್ರಿಸ್ ಮರ್ಫಿ ಒಬ್ಬರು. 2022ರ ನಾಲ್ವರಲ್ಲೂ ಅವರಿದ್ದರು. ಹಾಗಾಗಿ ಏಳನೇ ಬಾಬತ್ತು ಗುರಿಯಿಟ್ಟದ್ದು ಮೇಷ್ಟರ ಸೊಂಟದ ಪಿಸ್ತೂಲಿನ ಮೇಲೆ. ಬಿದ್ದದ್ದು ಮಕ್ಕಳ ಬಿಲ್ಲಿನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ.

ಇಲಾಖೆ ಓದಿದ್ದು

2023ರಲ್ಲಿ ಶಿಕ್ಷಣ ಇಲಾಖೆಗೆ ಪ್ರಶ್ನೆಗಳು ಬಂದವು. ಬಿಲ್ಲುವಿದ್ಯೆ, ಬೇಟೆ ಸುರಕ್ಷತೆಯ ಪಾಠ, ಶೂಟಿಂಗ್ ತಂಡ ಇವಕ್ಕೆ ಕಾಯ್ದೆಯ ಹಣ ಬಳಸಬಹುದೇ? ಕಾನೂನಿನಲ್ಲಿ ‘ಯಾವುದೇ ವ್ಯಕ್ತಿಗೆ’ ಎಂದಿದೆ. ‘ತರಬೇತಿ’ ಎಂದಿದೆ. ವಿದ್ಯಾರ್ಥಿಯೂ ವ್ಯಕ್ತಿಯೇ, ಬಾಣ ಬಿಡಲು ಕಲಿಸುವುದೂ ತರಬೇತಿಯೇ. ಬಳಸುವಂತಿಲ್ಲ ಎಂದು ಇಲಾಖೆ ಉತ್ತರಿಸಿತು.

ಕಾರ್ನಿನ್ ಮತ್ತು ಟಿಲ್ಲಿಸ್ ಶಿಕ್ಷಣ ಕಾರ್ಯದರ್ಶಿ ಮಿಗೆಲ್ ಕಾರ್ಡೋನಾ ಅವರಿಗೆ ಪತ್ರ ಬರೆದರು. ಕಾನೂನು ಬರೆದವರೇ ನಾವು, ನಮ್ಮ ಉದ್ದೇಶ ಇದಾಗಿರಲಿಲ್ಲ, ನೀವು ತಪ್ಪಾಗಿ ಓದಿದ್ದೀರಿ ಎಂಬುದು ಅದರ ಸಾರ. ತಿದ್ದುಪಡಿ ತಂದರೆ ನಾವು ಅಡ್ಡಿ ಬರುವುದಿಲ್ಲ, ಸಹಾಯವನ್ನೂ ಮಾಡುತ್ತೇವೆ, ಆದರೆ ಇರುವ ಪದಗಳು ಹೇಳುವುದು ಇದನ್ನೇ ಎಂಬುದು ಇಲಾಖೆಯ ನಿಲುವು.

ಇಲ್ಲಿ ನಾನು ಇಲಾಖೆಯ ಕಡೆ. ಸೆನೆಟರುಗಳ ಮನಸ್ಸಿನಲ್ಲಿ ಇದ್ದದ್ದು ನಿಜವೇ ಇರಬಹುದು, ಆದರೆ ಅದು ಕಾಗದಕ್ಕೆ ಇಳಿಯಲಿಲ್ಲ. ಖಜಾನೆಯಲ್ಲಿ ಬಿಲ್ ಪಾಸ್ ಮಾಡಿಸಲು ಹೋದ ಯಾವ ಶಾಲೆಯ ಹೆಡ್‌ಮೇಷ್ಟರನ್ನು ಬೇಕಾದರೂ ಕೇಳಿ. ‘ಸಾಹೇಬರ ಉದ್ದೇಶ ಹಾಗಿತ್ತು’ ಎಂದರೆ ಅಲ್ಲಿ ನಡೆಯುವುದಿಲ್ಲ, ‘ಆದೇಶದಲ್ಲಿ ಎಲ್ಲಿದೆ ತೋರಿಸಿ’ ಎನ್ನುತ್ತಾರೆ. ಉದಾರವಾಗಿ ಓದಿ ಹಣ ಬಿಟ್ಟ ಅಧಿಕಾರಿಯನ್ನು ಮೂರು ವರ್ಷ ಬಿಟ್ಟು ಆಡಿಟ್‌ನವರು ಹಿಡಿಯುತ್ತಾರೆ. ಆಗ ಸೆನೆಟರುಗಳು ಪತ್ರ ಬರೆದು ಬಿಡಿಸುವುದಿಲ್ಲ. ಇಲಾಖೆಯ ಮೇಲೆ ಹೊರಿಸಬಹುದಾದ ತಪ್ಪು ಬೇರೆ. ಕರಡು ಕಣ್ಣಮುಂದೆ ಇದ್ದಾಗಲೇ, ಈ ವಾಕ್ಯಕ್ಕೆ ಮಕ್ಕಳ ಬಿಲ್ಲೂ ಸಿಕ್ಕಿಕೊಳ್ಳುತ್ತದೆ ಎಂದು ಹೇಳಬಹುದಿತ್ತು.

ನಿಜಕ್ಕೂ ನಿಂತದ್ದು ಎಷ್ಟು? ಅಮೆರಿಕದ ಶಾಲಾ ಖರ್ಚಿನಲ್ಲಿ ಫೆಡರಲ್ ಪಾಲು ಸಾಮಾನ್ಯ ವರ್ಷಗಳಲ್ಲಿ ಹತ್ತರಲ್ಲಿ ಒಂದರಷ್ಟು. ಉಳಿದದ್ದು ರಾಜ್ಯದ್ದು, ಸ್ಥಳೀಯ ಆಸ್ತಿ ತೆರಿಗೆಯದು. ರಾಜ್ಯದ ಹಣದಿಂದಲೋ ಪೋಷಕರ ದೇಣಿಗೆಯಿಂದಲೋ ಬಿಲ್ಲು ಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಶಾಲೆಯ ಲೆಕ್ಕ ಹಾಗೆ ಬಿಡಿಬಿಡಿಯಾಗಿ ಇರುವುದಿಲ್ಲ. ಬಿಲ್ಲು ದಾನದ್ದು, ಮೈದಾನ ಪಂಚಾಯ್ತಿಯದು, ಸಂಜೆ ನಿಂತು ಕಲಿಸುವ ಮೇಷ್ಟರ ಸಂಭಾವನೆ ಮಾತ್ರ ಫೆಡರಲ್ ಬಾಬತ್ತಿನಿಂದ ಎಂದಾದರೆ? ಇಂಥ ಕಡೆ ಆಡಳಿತಗಾರರು ಮಾಡುವುದು ಒಂದೇ: ಸುಮ್ಮನೆ ರಗಳೆ ಬೇಡ, ಈ ವರ್ಷ ನಿಲ್ಲಿಸಿಬಿಡೋಣ. ಕೆಲವು ಶಾಲೆಗಳು ಹಾಗೆ ಕೈಬಿಟ್ಟವು ಎಂಬ ವರದಿಗಳು ಬಂದವು. ಕಾನೂನು ಮುಟ್ಟಿದ್ದಕ್ಕಿಂತ ಅದರ ಭಯ ಮುಟ್ಟಿದ್ದು ಹೆಚ್ಚು.

ಈ ಗದ್ದಲ ಅಲ್ಲಿ ಯಾಕೆ ಅಷ್ಟು ಬಿಸಿಯೇರಿತು ಎಂಬುದು ಬೆಂಗಳೂರಿನವರಿಗಿಂತ ಕೊಡಗಿನವರಿಗೆ ಬೇಗ ಅರ್ಥವಾದೀತು. ಸೆಪ್ಟೆಂಬರ್ ಮೊದಲ ವಾರ ಕೈಲ್ಪೊದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಮನೆಮಂದಿಯೆಲ್ಲ ಹೋಗುವ ಊರದು. ಅಲ್ಲಿ ಕೋವಿ ಮನೆತನದ ವಸ್ತು, ಪತ್ರಿಕೆಯ ಅಪರಾಧ ಪುಟದ್ದಲ್ಲ. ಟೆನ್ನೆಸಿ, ಮೊಂಟಾನ, ಕೆಂಟಕಿಯ ಹಳ್ಳಿಗಳಲ್ಲಿ ಬೇಟೆಯ ಸ್ಥಾನ ಹೆಚ್ಚುಕಡಿಮೆ ಹಾಗೆಯೇ. ಅವರಿಗೆ ಏಳನೇ ಬಾಬತ್ತು ಲೆಕ್ಕಶಾಸ್ತ್ರದ ವಿಷಯವಾಗಿ ಕಾಣಲಿಲ್ಲ, ತಮ್ಮ ಅಪ್ಪ-ತಾತನನ್ನು ಕಳ್ಳರೆಂದಂತೆ ಕೇಳಿಸಿತು.

ನಾಲ್ಕು ನಲ್ಲಿಗಳು

ಈಗ ಹಣದ ಕಡೆ ತಿರುಗೋಣ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲದ ಭಾಗ ಇದು, ಸುದ್ದಿವಾಹಿನಿಗಳು ತೀರಾ ಕಡಿಮೆ ಮುಟ್ಟಿದ ಭಾಗವೂ ಇದೇ. ಅಮೆರಿಕದ ಶಾಲಾ ಮಕ್ಕಳ ಗುರಿಕ್ರೀಡೆಗೆ ಹಣ, ಸಾಮಾನು ಬರುವುದು ಒಂದೇ ನಲ್ಲಿಯಿಂದಲ್ಲ. ಒಂದೊಂದು ನಲ್ಲಿಗೂ ಒಂದೊಂದು ಬಗೆಯ ಮೀಟರು.

ಮೊದಲನೆಯದು ವನ್ಯಜೀವಿ ಇಲಾಖೆಯದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಉದ್ದ ಕೋವಿ, ತೋಟಾ, ಬಿಲ್ಲುಗಳ ಮೇಲೆ ತಯಾರಕರ ಮಟ್ಟದಲ್ಲೇ ಶೇ. 11, ಪಿಸ್ತೂಲುಗಳ ಮೇಲೆ ಶೇ. 10 ಸುಂಕ ವಸೂಲಾಗುತ್ತದೆ. 2022 ಮತ್ತು 2023ರಲ್ಲಿ ರಾಜ್ಯಗಳಿಗೆ ಹಂಚಿಕೆಯಾದ ಮೊತ್ತ ವರ್ಷಕ್ಕೆ 100 ಕೋಟಿ ಡಾಲರ್ ದಾಟಿತ್ತು. ವನ್ಯಜೀವಿ ಸಂರಕ್ಷಣೆಯ ಜೊತೆಗೆ ಬೇಟೆಗಾರರ ಶಿಕ್ಷಣ, ಗುರಿ ಅಭ್ಯಾಸದ ತಾಣಗಳು, ಎಷ್ಟೋ ರಾಜ್ಯಗಳಲ್ಲಿ ಶಾಲೆಯ ಬಿಲ್ಲುವಿದ್ಯೆ ನಡೆಯುವುದು ಇದರಿಂದಲೇ. ಅಂದರೆ ಬಿಲ್ಲಿನ ಮೇಲೆ ಕಾರ್ಖಾನೆಯಲ್ಲಿ ಬಿದ್ದ ಸುಂಕವೇ ಸುತ್ತಿ ಬಂದು ಶಾಲೆಗೆ ಇನ್ನೊಂದು ಬಿಲ್ಲಾಗುತ್ತದೆ. ಈ ನಲ್ಲಿಯ ಮೀಟರು ಬಲು ಬಿಗಿ. ಬೇಟೆ ಪರವಾನಗಿಯಿಂದ ಬಂದ ಶುಲ್ಕವನ್ನು ರಾಜ್ಯ ಸರ್ಕಾರ ರಸ್ತೆಗೋ ಸಂಬಳಕ್ಕೋ ತಿರುಗಿಸಿದರೆ ಇಡೀ ಫೆಡರಲ್ ಪಾಲೇ ನಿಲ್ಲುವ ಅಪಾಯವಿದೆ. ವನ್ಯಜೀವಿ ವಿಭಾಗವೂ ಸೇರಿರುವ ಆಂತರಿಕ ವ್ಯವಹಾರ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಒಂದೊಂದೇ ರಾಜ್ಯದ ಪುಸ್ತಕ ತೆಗೆಸಿ ನೋಡುತ್ತದೆ. ಸುಂಕ ಕೊಟ್ಟ ಬೇಟೆಗಾರರೇ ಕಾವಲಿಗೂ ನಿಂತಿರುವುದರಿಂದ ಈ ಬಿಗಿ ಎಂಬತ್ತು ವರ್ಷವಾದರೂ ಸಡಿಲವಾಗಿಲ್ಲ.

2023ರಲ್ಲಿ ಈ ನಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಶಿಕ್ಷಣ ಕಾಯ್ದೆಯ ಹಣವಲ್ಲವಾದ್ದರಿಂದ ಏಳನೇ ಬಾಬತ್ತು ಇದನ್ನು ಮುಟ್ಟುವಂತಿರಲಿಲ್ಲ. ‘ಬಿಲ್ಲುವಿದ್ಯೆ ನಿಷೇಧ’ ಎಂದು ಕೂಗಿದವರಾರೂ ಇದನ್ನು ಹೇಳಲಿಲ್ಲ.

ಎರಡನೆಯದು ರಕ್ಷಣಾ ಇಲಾಖೆಯದು. 1916ರ ಕಾಯ್ದೆಯಿಂದ ಹುಟ್ಟಿದ ಜೂನಿಯರ್ ಆರ್‌ಒಟಿಸಿ ಈಗ ಸುಮಾರು 3,500 ಪ್ರೌಢಶಾಲೆಗಳಲ್ಲಿದೆ. ನಮ್ಮ ಎನ್‌ಸಿಸಿಯ ದೂರದ ಸೋದರ ಎನ್ನಬಹುದು. ನಿವೃತ್ತ ಸೈನಿಕರು ಬೋಧಕರು. ಇವುಗಳಲ್ಲಿ ಹಲವೆಡೆ ಹತ್ತು ಮೀಟರ್ ದೂರದ ಏರ್ ರೈಫಲ್ ತಂಡಗಳಿವೆ. ಇದೂ ಏಳನೇ ಬಾಬತ್ತಿನ ಹೊರಗೆ. ಜೀವಹಾನಿಯ ಭಯದಿಂದ ಬರೆದ ವಾಕ್ಯ ಬಿಲ್ಲನ್ನು ಹಿಡಿದು ರೈಫಲನ್ನು ಬಿಟ್ಟಿತು ಎಂದರೆ ನಗಬೇಕೋ ಬೇಡವೋ ತಿಳಿಯುವುದಿಲ್ಲ. ಎನ್‌ಸಿಸಿ ಕ್ಯಾಂಪಿನಲ್ಲಿ .22 ರೈಫಲ್ ಹಿಡಿದವರಿಗೆ ಗೊತ್ತು, ಗುಂಡು ಹೊಡೆದು ಮುಗಿದ ಮೇಲೆ ಖಾಲಿ ಖೋಕಾಗಳನ್ನು ಹುಡುಕಿ, ಎಣಿಸಿ ಒಪ್ಪಿಸುವವರೆಗೆ ಯಾರಿಗೂ ಚಹಾ ಇಲ್ಲ. ಒಂದು ಕಡಿಮೆ ಬಿದ್ದರೂ ಹುಲ್ಲಿನಲ್ಲಿ ಕೈಯಾಡಿಸುತ್ತ ಕೂರಬೇಕು. ಹುಡುಗರಿಗೆ ಅದು ಶಿಕ್ಷೆ ಎನಿಸುತ್ತದೆ. ಸೈನ್ಯದ ಲೆಕ್ಕವೆಂದರೆ ಹಾಗೆ. ಆಯುಧದ ಲೆಕ್ಕ ಪಕ್ಕಾ. ಆದರೆ ಆ ಆಯುಧ ಹಿಡಿಯಲು ಯಾರನ್ನು ಆರಿಸಿದ್ದೇವೆ ಎಂಬ ಲೆಕ್ಕ?

2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಪ್ರೌಢಶಾಲೆಯಲ್ಲಿ 17 ಮಂದಿ ಸತ್ತಾಗ ಈ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. ಗುಂಡು ಹಾರಿಸಿದ ಹಳೆಯ ವಿದ್ಯಾರ್ಥಿ ಅದೇ ಶಾಲೆಯ ಜೂನಿಯರ್ ಆರ್‌ಒಟಿಸಿಯ ಗುರಿಗಾರ ತಂಡದಲ್ಲಿದ್ದವನು. ಅಲ್ಲಿ ಕಲಿತ ಏರ್ ರೈಫಲ್ಲಿಗೂ ಅವನು ಅಂಗಡಿಯಲ್ಲಿ ಕೊಂಡ ಎಆರ್-15 ಬಂದೂಕಿಗೂ ನೇರ ನಂಟು ಹಾಕುವುದು ಅನ್ಯಾಯ, ನಾನು ಹಾಕುವುದಿಲ್ಲ. ಆದರೆ ಆ ಸಂದರ್ಭದಲ್ಲಿ ಮೂರನೇ ನಲ್ಲಿ ಬೆಳಕಿಗೆ ಬಂತು. ಆ ತಂಡಕ್ಕೆ 2016ರಲ್ಲಿ ಸುಮಾರು ಹತ್ತು ಸಾವಿರ ಡಾಲರ್ ಮೌಲ್ಯದ ನೆರವು, ಬಂದೂಕು ಹಕ್ಕಿನ ಪರ ಹೋರಾಡುವ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಪ್ರತಿಷ್ಠಾನದಿಂದ ಬಂದಿತ್ತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕೆದಕಿ ನೋಡಿದಾಗ, 2010ರಿಂದ 2016ರವರೆಗೆ ಆ ಪ್ರತಿಷ್ಠಾನ ಸುಮಾರು 500 ಶಾಲೆಗಳಿಗೆ 70 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟಿರುವುದು ಕಂಡಿತು. ಬಹಳಷ್ಟು ನಗದಲ್ಲ, ಸಲಕರಣೆ, ತೋಟಾ ಇತ್ಯಾದಿ.

ಸುದ್ದಿಸಂಸ್ಥೆಗೆ ಈ ಲೆಕ್ಕ ಸಿಕ್ಕಿದ್ದು ಶಾಲೆಗಳ ಪುಸ್ತಕದಲ್ಲಲ್ಲ, ಪ್ರತಿಷ್ಠಾನವೇ ತೆರಿಗೆ ಇಲಾಖೆಗೆ ಸಲ್ಲಿಸಿದ ಸಾರ್ವಜನಿಕ ದಾಖಲೆಗಳಲ್ಲಿ. ಕೊಟ್ಟವರ ಲೆಕ್ಕ ಇತ್ತು, ತೆಗೆದುಕೊಂಡವರ ಲೆಕ್ಕವನ್ನು ಒಂದೆಡೆ ಸೇರಿಸಿ ನೋಡಿದವರೇ ಇರಲಿಲ್ಲ. ಸುದ್ದಿಯಾದ ಮೇಲೆ ಪಾರ್ಕ್‌ಲ್ಯಾಂಡ್ ಶಾಲೆ ಸೇರಿರುವ ಬ್ರೋವರ್ಡ್ ಕೌಂಟಿ, ಡೆನ್ವರ್ ನಗರದ ಶಾಲಾ ಆಡಳಿತಗಳು ಇನ್ನು ಈ ನೆರವು ಬೇಡ ಎಂದವು. ಉಳಿದ ಬಹುಪಾಲು ಕಡೆ ಅದು ಹಾಗೇ ಮುಂದುವರಿಯಿತು. ಬಡ ಜಿಲ್ಲೆಯ ಬೋಧಕನೊಬ್ಬ ಪುಕ್ಕಟೆ ಬಂದ ರೈಫಲ್ ಯಾಕೆ ಬೇಡವೆನ್ನಬೇಕು ಎಂದು ಕೇಳಿದರೆ ಸುಲಭದ ಉತ್ತರ ನನ್ನಲ್ಲೂ ಇಲ್ಲ. ಕೊಡುವವರು ರಾಜಕೀಯ ಸಂಘಟನೆಯ ಕೈಗೂಸಾಗಿದ್ದರೆ ಪೋಷಕರಿಗೆ ಗೊತ್ತಿರಬೇಕು ಎಂಬಷ್ಟು ಮಾತ್ರ ಹೇಳಬಲ್ಲೆ.

ನಾಲ್ಕನೆಯದೇ ಶಿಕ್ಷಣ ಇಲಾಖೆಯ ನಲ್ಲಿ. ನಾಲ್ಕರಲ್ಲಿ ಜಗಳವಾದದ್ದು ಇದೊಂದರ ಬಗ್ಗೆ.

ಈ ನಾಲ್ಕರ ಹೊರಗೆ ಮಿನ್ನೆಸೋಟದ ಹಾದಿಯೊಂದಿದೆ. ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳು ಕ್ಲೇ ಟಾರ್ಗೆಟ್ ಲೀಗ್‌ನಲ್ಲಿ ಆಡುತ್ತಾರೆ, ಅಂದರೆ ಹಾರಿಬಿಟ್ಟ ಮಣ್ಣಿನ ತಟ್ಟೆಗೆ ಶಾಟ್‌ಗನ್‌ನಿಂದ ಗುರಿಯಿಡುತ್ತಾರೆ. ತಂಡದ ಹೆಸರು ಶಾಲೆಯದು, ಅಂಗಿಯ ಮೇಲಿನ ಲಾಂಛನ ಶಾಲೆಯದು. ಬಂದೂಕು ಮಾತ್ರ ಶಾಲೆಯ ಗೇಟು ದಾಟುವುದಿಲ್ಲ. ಅಭ್ಯಾಸ ಊರಾಚೆಯ ಗನ್ ಕ್ಲಬ್ಬಿನಲ್ಲಿ, ಶುಲ್ಕದ ಬಹುಪಾಲು ಮನೆಯವರದು, ಬಂದೂಕು ಸುರಕ್ಷತೆಯ ಪ್ರಮಾಣಪತ್ರ ಇಲ್ಲದ ಮಗುವಿಗೆ ಪ್ರವೇಶವಿಲ್ಲ. ಶಾಲೆಗೆ ಹೆಸರು, ಕ್ಲಬ್ಬಿಗೆ ಹೊಣೆ. ಹೊಣೆಯ ಗೆರೆ ಸ್ಪಷ್ಟವಾಗಿದೆ. ಆದರೆ ಶುಲ್ಕ ಕಟ್ಟಲಾಗದ ಮನೆಯ ಮಗು ಗೆರೆಯ ಆಚೆ ಉಳಿಯುತ್ತದೆ. ಸಾರ್ವಜನಿಕ ಹಣ ಬೇಕು ಎನ್ನುವ ವಾದ ಹುಟ್ಟುವುದೇ ಇಲ್ಲಿ. ಆ ವಾದವನ್ನು ನಾನು ಒಪ್ಪುತ್ತೇನೆ.

424ಕ್ಕೆ 1

ಟೆನ್ನೆಸಿಯ ಪ್ರತಿನಿಧಿ ಮಾರ್ಕ್ ಗ್ರೀನ್ ತಿದ್ದುಪಡಿ ಮಸೂದೆ ತಂದರು. ‘ಪ್ರೊಟೆಕ್ಟಿಂಗ್ ಹಂಟಿಂಗ್ ಹೆರಿಟೇಜ್ ಆ್ಯಂಡ್ ಎಜುಕೇಷನ್ ಆ್ಯಕ್ಟ್’, ಬೇಟೆಯ ಪರಂಪರೆ ಮತ್ತು ಶಿಕ್ಷಣ ಉಳಿಸುವ ಕಾಯ್ದೆ. 2023ರ ಸೆಪ್ಟೆಂಬರ್ 26ರಂದು ಕೆಳಮನೆಯಲ್ಲಿ ಮತಕ್ಕೆ ಬಂದಾಗ ಪರ 424, ವಿರುದ್ಧ 1. ಮರುದಿನ ಸೆನೆಟ್ ಮತವನ್ನೂ ಎಣಿಸದೆ ಸರ್ವಾನುಮತದಿಂದ ಒಪ್ಪಿತು. ಅಕ್ಟೋಬರ್ 6ರಂದು ಬೈಡನ್ ಸಹಿ ಬಿತ್ತು.

ಆ ಹತ್ತು ದಿನ ವಾಷಿಂಗ್ಟನ್ ಹೇಗಿತ್ತು ಎಂಬುದನ್ನು ನೆನೆದರೆ ಈ ಅಂಕಿಯ ವಿಚಿತ್ರ ತಿಳಿಯುತ್ತದೆ. ಬಜೆಟ್ ಪಾಸಾಗದೆ ಸರ್ಕಾರಿ ಕಚೇರಿಗಳಿಗೆ ಬೀಗ ಬೀಳುವ ಗಡುವು ಸೆಪ್ಟೆಂಬರ್ 30. ಹೇಗೋ ಅದನ್ನು ದಾಟಿಕೊಂಡ ಕೆಳಮನೆ, ಅಕ್ಟೋಬರ್ 3ರಂದು 216-210 ಮತಗಳಿಂದ ತನ್ನದೇ ಸ್ಪೀಕರ್ ಕೆವಿನ್ ಮೆಕಾರ್ಥಿಯನ್ನು ಕೆಳಗಿಳಿಸಿತು. ಆ ದೇಶದ ಚರಿತ್ರೆಯಲ್ಲಿ ಹಾಗಾದದ್ದು ಅದೇ ಮೊದಲು. ಇಂದು ಭಾನುವಾರವೋ ಸೋಮವಾರವೋ ಎಂಬುದರಲ್ಲೂ ಒಮ್ಮತವಿಲ್ಲದ ಆ ಸಭೆ ಮಕ್ಕಳ ಬಿಲ್ಲಿನ ವಿಷಯದಲ್ಲಿ ಒಂದಾಯಿತು.

ಒಂಟಿ ವಿರೋಧ ಮತ ಟೆಕ್ಸಸ್‌ನ ವೆರೊನಿಕಾ ಎಸ್ಕೋಬಾರ್ ಅವರದು. ಅವರ ಕ್ಷೇತ್ರ ಎಲ್ ಪಾಸೊ. 2019ರ ಆಗಸ್ಟ್ 3ರಂದು ಅಲ್ಲಿನ ವಾಲ್‌ಮಾರ್ಟ್ ಮಳಿಗೆಯಲ್ಲಿ ಗುಂಡಿಗೆ ಸಿಕ್ಕವರಲ್ಲಿ 23 ಮಂದಿ ಪ್ರಾಣ ಕಳೆದುಕೊಂಡಿದ್ದರು.

ತಿದ್ದುಪಡಿಯೂ ಒಂದೇ ವಾಕ್ಯ. ಮಕ್ಕಳಿಗೆ ಕಲಿಕೆಯ ಚಟುವಟಿಕೆಯಾಗಿ ನಡೆಯುವ ಬಿಲ್ಲುವಿದ್ಯೆ, ಬೇಟೆ, ಇತರ ಶೂಟಿಂಗ್ ಕ್ರೀಡೆ ಅಥವಾ ಪಾಕಕಲೆಗೆ ಏಳನೇ ಬಾಬತ್ತು ಅನ್ವಯಿಸುವುದಿಲ್ಲ ಎಂದಿತು. ಪಾಕಕಲೆ! ಹದಿನೈದು ತಿಂಗಳ ಹಿಂದೆ ಬರೆದ ವ್ಯಾಖ್ಯೆಗೆ ಅಡುಗೆ ತರಗತಿಯ ಚಾಕುವೂ ಸಿಕ್ಕಿಬಿದ್ದಿದೆ ಎಂದು ಕೊನೆಗೆ ಯಾರಿಗೋ ಹೊಳೆದಿತ್ತು. ನಮ್ಮ ಈಳಿಗೆಮಣೆಯೂ ಬಚಾವು.

ಕೇಳದೆ ಬಿಟ್ಟದ್ದು

ಮುಚ್ಚಿದ್ದ ಬಾಗಿಲು ತೆರೆಯಿತು. ತೆರೆಯಬೇಕಾದದ್ದೇ. ಆದರೆ 2022ರಲ್ಲಿ ಮುಚ್ಚಿದಾಗಲಿ 2023ರಲ್ಲಿ ತೆರೆದಾಗಲಿ ಚರ್ಚೆಯಾದದ್ದು ‘ಕೊಡಬಹುದೇ, ಬೇಡವೇ’ ಎಂಬುದಷ್ಟೇ. ‘ಕೊಟ್ಟರೆ ಯಾರಿಗೆ ಲೆಕ್ಕ’ ಎಂಬುದಲ್ಲ. ಹೊಸ ವಾಕ್ಯ ಬಿಲ್ಲುವಿದ್ಯೆಯನ್ನೂ ‘ಇತರ ಶೂಟಿಂಗ್ ಕ್ರೀಡೆ’ಗಳನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಕಲಿಸುವವರಿಗೆ ಯಾವ ಅರ್ಹತೆ ಇರಬೇಕು, ಸಲಕರಣೆ ರಾತ್ರಿ ಎಲ್ಲಿ ಬೀಗದೊಳಗೆ ಇರಬೇಕು, ಅವಘಡವಾದರೆ ಯಾರಿಗೆ ವರದಿ, ಖಾಸಗಿ ದಾನ ಬಂದಿದ್ದರೆ ಪೋಷಕರಿಗೆ ಎಲ್ಲಿ ಕಾಣಬೇಕು, ಒಂದೂ ಇಲ್ಲ. ಇಡೀ ದೇಶದಲ್ಲಿ ಎಷ್ಟು ಶಾಲೆಗಳು ಯಾವ ಹಣದಿಂದ ಏನನ್ನು ಕಲಿಸುತ್ತಿವೆ ಎಂದು ಒಂದೇ ಕಡೆ ನೋಡಲು ಬೇಕಾದ ವರದಿಯನ್ನೂ ಅದು ಬೇಡಲಿಲ್ಲ.

ಇದಕ್ಕೆ ಎದುರು ವಾದವಿದೆ, ಗಟ್ಟಿಯಾದದ್ದೇ. ಅಮೆರಿಕದಲ್ಲಿ ಪಠ್ಯ, ಬೋಧನೆ ರಾಜ್ಯದ ಮತ್ತು ಸ್ಥಳೀಯ ಮಂಡಳಿಯ ಹಕ್ಕು. ಫೆಡರಲ್ ಸರ್ಕಾರ ಏನು ಕಲಿಸಬೇಕೆಂದು ಹೇಳಬಾರದು ಎಂದು ಅದೇ ಶಿಕ್ಷಣ ಕಾಯ್ದೆಯಲ್ಲಿದೆ. ನ್ಯಾಸ್ಪ್‌ನಂಥ ಕಾರ್ಯಕ್ರಮಗಳು ತಮ್ಮ ನಿಯಮವನ್ನು ತಾವೇ ಬಿಗಿಯಾಗಿ ಇಟ್ಟುಕೊಂಡಿವೆ. ಹತ್ತು ಬಿಲ್ಲು ಇರುವ ಹಳ್ಳಿಶಾಲೆಗೆ ಇಪ್ಪತ್ತು ಪುಟದ ಅರ್ಜಿ ಕೊಟ್ಟರೆ ಅದು ಬಿಲ್ಲನ್ನೇ ಕೈಬಿಡುತ್ತದೆ. ಈ ಕೊನೆಯ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ನಮ್ಮಲ್ಲೂ ಶಾಲೆಯ ಕ್ರೀಡಾ ಸಾಮಾನು ಬೀರುವಿನಲ್ಲಿ ಕೊಳೆಯುವುದು ಸ್ಟಾಕ್ ಪುಸ್ತಕದ ಭಯಕ್ಕೇ. ಚೆಂಡು ಹರಿದರೆ ಉತ್ತರ ಹೇಳಬೇಕಲ್ಲ!

ಆದರೂ ಏನು ಕಲಿಸಬೇಕೆಂದು ಹೇಳುವುದು ಬೇರೆ, ಕೊಟ್ಟ ಹಣಕ್ಕೆ ಒಂದು ಪುಟದ ಲೆಕ್ಕ ಕೇಳುವುದು ಬೇರೆ. ವನ್ಯಜೀವಿ ಇಲಾಖೆಯ ನಲ್ಲಿ ಲೆಕ್ಕ ಕೇಳುತ್ತ ಬಂದಿದೆ, ಅದರಿಂದ ಬೇಟೆ ನಿಂತಿಲ್ಲ. ಸೀಟಿಯ ನಿಯಮವನ್ನು ಬಿಲ್ಲುಗಾರರೇ ಬರೆದುಕೊಂಡದ್ದು, ಯಾವ ಸೆನೆಟರೂ ಅಲ್ಲ. ಅದನ್ನೇ ಅನುದಾನದ ಷರತ್ತಾಗಿ ಎತ್ತಿಕೊಂಡಿದ್ದರೆ ಯಾವ ಬಿಲ್ಲುಗಾರನೂ ಬೇಡ ಎನ್ನುತ್ತಿರಲಿಲ್ಲ ಎಂದು ನನ್ನ ಎಣಿಕೆ.

ಇನ್ನೊಂದು ಸಂಗತಿ ಉಳಿಯಿತು. ವಿನಾಯಿತಿ ಸಿಕ್ಕಿದ್ದು ವಿದ್ಯಾರ್ಥಿಗಳ ಚಟುವಟಿಕೆಗೆ. ಶಿಕ್ಷಕರಿಗೆ ಆಯುಧ ಕೊಡಲು, ಅದರಲ್ಲಿ ಪಳಗಿಸಲು ಈ ಕಾಯ್ದೆಯ ಹಣ ಬಳಸುವಂತಿಲ್ಲ ಎಂಬ ಮೂಲ ತಡೆ ಹಾಗೇ ಇದೆ. ಮರ್ಫಿ ಮುಚ್ಚಬೇಕೆಂದಿದ್ದ ಬಾಗಿಲು ಮುಚ್ಚಿಯೇ ಇದೆ. ಆದರೆ ಫೆಡರಲ್ ಹಣ ಇಲ್ಲದ ಮಾತ್ರಕ್ಕೆ ಆ ವಿಷಯ ನಿಲ್ಲಲಿಲ್ಲ. ಮಾರ್ಕ್ ಗ್ರೀನ್ ಅವರ ರಾಜ್ಯವಾದ ಟೆನ್ನೆಸಿಯಲ್ಲೇ, 2023ರ ಮಾರ್ಚ್ 27ರಂದು ನ್ಯಾಶ್‌ವಿಲ್‌ನ ಕವನೆಂಟ್ ಶಾಲೆಯಲ್ಲಿ ಮೂವರು ಮಕ್ಕಳು, ಮೂವರು ಸಿಬ್ಬಂದಿ ಗುಂಡಿಗೆ ಬಲಿಯಾಗಿದ್ದರು. ಒಂದು ವರ್ಷ ಕಳೆದು, 2024ರ ಏಪ್ರಿಲ್‌ನಲ್ಲಿ ಅಲ್ಲಿನ ಶಾಸನಸಭೆ ಶಾಲಾ ಸಿಬ್ಬಂದಿ ಮರೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳಬಹುದು ಎಂಬ ಕಾನೂನು ಮಾಡಿತು. ನಲವತ್ತು ಗಂಟೆಯ ತರಬೇತಿ ಆಗಿರಬೇಕು, ಮಾನಸಿಕ ತಪಾಸಣೆಯಲ್ಲಿ ಪಾಸಾಗಿರಬೇಕು, ಪ್ರಾಂಶುಪಾಲರು ಮತ್ತು ಪೊಲೀಸ್ ಮುಖ್ಯಸ್ಥರು ಒಪ್ಪಿರಬೇಕು.

ಅಲ್ಲಿನ ಶಾಲೆಯೊಂದರಲ್ಲಿ ಮಗಳು ಬಿಲ್ಲುವಿದ್ಯೆಗೆ ಸೇರಿದರೆ, ಕಲಿಸುವವರು ಯಾರು, ಅವರ ಬಳಿ ಪ್ರಮಾಣಪತ್ರ ಇದೆಯೇ, ಎಷ್ಟು ಸೀಟಿಗೆ ಏನು ಮಾಡಬೇಕು ಎಂಬುದೆಲ್ಲ ತಾಯಿಗೆ ಗೊತ್ತಾಗುತ್ತದೆ. ಅದೇ ಮಗಳ ಗಣಿತದ ಮೇಷ್ಟರು ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ಬರುತ್ತಾರೆಯೇ ಎಂದು ಕೇಳಿದರೆ ಶಾಲೆ ಹೇಳಬೇಕಾಗಿಲ್ಲ. ಅದು ಗೋಪ್ಯ ಎಂದು ಕಾನೂನಿನಲ್ಲಿದೆ.